ಸತ್ತ ಎತ್ತು ನಾಕಾ ದಾಟಿದ್ದು

ಚೆಕ್‌ಪೋಸ್ಟಿನಲ್ಲಿ ಹೊಸದಾಗಿ ನೌಕರಿ ಹತ್ತಿದವರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಚಹಾ ಕುಡಿಯುತ್ತಾರೆ, ಅದೂ ಇದೂ ಮಾತಾಡುತ್ತಾರೆ, ಆಮೇಲೆ ಮೆಲ್ಲಗೆ, "ಕಾಕಾ, ಕಳ್ಳಮಾಲು ಹಿಡಿಯೂದು ಹ್ಯಾಂಗ್ರಿ?" ಎಂದು ಕೇಳುತ್ತಾರೆ. ಅದೇನು ದೊಡ್ಡ ವಿದ್ಯೆಯಲ್ಲ. ಎರಡು ಕಣ್ಣು, ಒಂದು ಮೂಗು, ಸ್ವಲ್ಪ ಮೊಂಡುತನ ಇದ್ದರೆ ಸಾಕು. ಬಂಡಿಯವನು ಕೇಳದೆಯೇ ಬೀಡಿ ಕೊಡಲು ಬಂದನೆಂದರೆ ಚೀಲ ಬಿಚ್ಚಿಸಬೇಕು. ಕಷ್ಟವಿರುವುದು ಬೇರೆ ಕಡೆ. ಮಾಲು ನಿಮ್ಮ ಸಾಹೇಬರದೇ ಆಗಿದ್ದಾಗ ಪುಸ್ತಕದಲ್ಲಿ ಏನು ಬರೆಯುತ್ತೀರಿ? ಅದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ. ನಾನು ತಪ್ಪು ಮಾಡಿಯೇ ಕಲಿತೆ. ಆ ತಪ್ಪಿಗೆ ಪೊಲೀಸರ ಹವಾಲಾತಿನಲ್ಲಿ ಕುಳಿತವನು ಮಾತ್ರ ನಾನಲ್ಲ, ಇನ್ನೊಬ್ಬ. ಅದನ್ನೇ ಇಲ್ಲಿ ಬರೆದಿಡುತ್ತೇನೆ.

ನಾನು ಬೇವೂರಿನವನು. ಮೂವತ್ತರ ದಶಕದ ನಡುವೆ ಉರ್ದು ಪರೀಕ್ಷೆ ಪಾಸು ಮಾಡಿ ಕರೋಡಗಿರಿ ಖಾತೆಗೆ, ಅಂದರೆ ಸಂಸ್ಥಾನದ ಸುಂಕದ ಖಾತೆಗೆ, ಮುನ್ಷಿಯಾಗಿ ಸೇರಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲ ಆಗ ಹೈದರಾಬಾದು ಸಂಸ್ಥಾನದಲ್ಲಿದ್ದವು. ಗಜೇಂದ್ರಗಡ, ರೋಣ, ಗದಗ ಬ್ರಿಟಿಷರ ಕಡೆ. ನಡುವಿನ ಗಡಿಯ ಮೇಲೆ ಹಾದಿಗೊಂದು ನಾಕಾ. ನಾಕಾ ಎಂದರೆ ಏನೋ ಎಂದುಕೊಳ್ಳಬೇಡಿ. ಹಾದಿಗೆ ಅಡ್ಡ ಕಟ್ಟಿದ ಒಂದು ಬಿದಿರು, ಒಂದು ಬೇವಿನ ಮರ, ಮಣ್ಣಿನ ಮಾಳಿಗೆಯ ಒಂದು ಕೋಣೆ. ಅದರೊಳಗೆ ಒಬ್ಬ ನಾಕೇದಾರ, ಒಬ್ಬ ಮುನ್ಷಿ, ಇಬ್ಬರು ಸಿಪಾಯಿಗಳು.

ನನ್ನ ಮೊದಲ ನಾಕೇದಾರರು ಖಾದರಸಾಹೇಬರು. ಬಾಯಿ ತುಂಬ ಎಲೆಅಡಿಕೆ, ಬಯ್ಯುವುದರಲ್ಲಿ ಎತ್ತಿದ ಕೈ. ಮೊದಲ ದಿನ ನಾನು ಪುಸ್ತಕದಲ್ಲಿ "ಬಂಡಿಯವನ ಹೆಸರು: ಹನಮಪ್ಪ" ಎಂದು ಚೆಂದಾಗಿ ಬರೆದು ಅವರ ಮುಂದೆ ಹಿಡಿದೆ. ಶಹಬಾಸ್ ಅಂತಾರೆ ಎಂದುಕೊಂಡಿದ್ದೆ. ಪುಸ್ತಕವನ್ನು ನನ್ನ ಎದೆಗೇ ಒಗೆದರು.

"ಈ ಸೀಮ್ಯಾಗ ಹನಮಪ್ಪಗೋಳು ಎಷ್ಟು ಮಂದಿ ಅದಾರ, ಎಣಿಸಿಯೇನೋ ಬೇವೂರ ಪಂಡಿತಾ? ಹೆಸರು ಬರದ್ರ ನಾಳಿ ಹೆಸರು ಬದಲ ಹೇಳ್ತಾನ. ಎತ್ತು ಬರಿ. ಎತ್ತು ಸುಳ್ಳು ಹೇಳೂದಿಲ್ಲ."

ಬಂಡಿಗಳಿಗೆ ಆಗ ನಂಬರೇ ಇರಲಿಲ್ಲ. ಅದಕ್ಕೇ ನಮ್ಮ ನಾಕಾಗಳಲ್ಲಿ ಎತ್ತಿನ ಗುರುತು ಬರೆಯುವ ಪದ್ಧತಿ. ಎಡದ ಎತ್ತಿನ ಬಣ್ಣ, ಬಲದ ಎತ್ತಿನ ಬಣ್ಣ, ಕೋಡು ನೆಟ್ಟಗೋ ಬಾಗಿದೆಯೋ, ಹಣೆಯ ಮೇಲೆ ಚಿಕ್ಕಿ ಇದೆಯೋ, ಬಾಲದ ಕುಚ್ಚು ಕಪ್ಪೋ ಬಿಳಿಯೋ. ಒಂದು ವರ್ಷ ಕಳೆಯುವುದರೊಳಗೆ ಸುತ್ತಲಿನ ಮೂವತ್ತು ಹಳ್ಳಿಯ ಎತ್ತುಗಳು ನನಗೆ ಬಾಯಿಪಾಠವಾದವು. ಮನುಷ್ಯರ ಮುಖ ಮರೆಯುತ್ತಿದ್ದೆ, ಎತ್ತಿನದು ಮರೆಯುತ್ತಿರಲಿಲ್ಲ. ನನ್ನ ಮದುವೆಯಲ್ಲಿ ಬೀಗರು ಇಳಿದಾಗ ನಾನು ಮೊದಲು ನೋಡಿದ್ದು ಅವರ ಎತ್ತುಗಳನ್ನು ಎಂದು ನಮ್ಮ ಮನೆಯಾಕೆ ಸಾಯುವತನಕ ಚೇಷ್ಟೆ ಮಾಡಿದಳು.

ತಪ್ಪುಗಳೂ ಆದವು, ಮುಚ್ಚಿಡುವುದೇಕೆ! ಒಮ್ಮೆ ಇಟಗಿಯ ಕಡೆಯಿಂದ ಹುಲ್ಲಿನ ಬಂಡಿ ಬಂತು. ಹುಲ್ಲಿನೊಳಗೆ ಏನೋ ಅಡಗಿದೆ ಎಂದು ನನ್ನ ಮೂಗು ಹೇಳಿತು. ಚುಚ್ಚಿ ನೋಡುವ ಕಬ್ಬಿಣದ ಸಲಾಕೆ ತೆಗೆದುಕೊಂಡು ಜಬರದಸ್ತಾಗಿ ಒಳಗೆ ಹಾಕಿದೆ. "ಸತ್ನೆಪ್ಪೋ!" ಎಂದು ಒಳಗಿನಿಂದ ಕೂಗು ಬಂತು. ಬಿಸಿಲಿಗೆ ಅಂಜಿ ಹುಲ್ಲಿನೊಳಗೆ ಮಲಗಿದ್ದ ಒಬ್ಬ ಮುದುಕಪ್ಪ. ತೊಡೆಗೆ ತರಚಿತ್ತು ಅಷ್ಟೇ, ದೇವರು ದೊಡ್ಡವನು. ಖಾದರಸಾಹೇಬರು ಆ ಮುದುಕಪ್ಪನಿಗೆ ಚಹಾ ಕುಡಿಸಿ, ನನ್ನಿಂದ ಕಾಲು ಹಿಡಿಸಿದರು. ಯುದ್ಧದ ಕಾಲದಲ್ಲಿ ಬಟ್ಟೆಗೆ ಕಂಟ್ರೋಲು ಬಂದಾಗ ನಾನು ಗಂಗಾವತಿಯ ಕಡೆ ಇದ್ದೆ. ಹೇಮಗುಡ್ಡದ ದೇವಿಗೆ ಹರಕೆ ಇದೆ ಎಂದು ಒಬ್ಬ ವ್ಯಾಪಾರಿ ಕಡುಬೇಸಿಗೆಯಲ್ಲಿ ತುಂಬಿದ ಗುಡಾಣದ ಹಾಗೆ ಓಲಾಡುತ್ತ ನಡೆದು ಬಂದ. ಬಿಚ್ಚಿಸಿದರೆ ಒಂದರ ಮೇಲೊಂದು ಏಳು ಹೊಸ ಧೋತರ. "ನಿನಗ ಹರಕಿ ಐತೇನು, ದೇವಿಗೇನು?" ಎಂದು ಸಿಪಾಯಿಗಳು ನಕ್ಕು ನಕ್ಕು ಸುಸ್ತಾದರು. ಇಂಥವನ್ನೇ ಹೇಳುತ್ತ ಕುಳಿತರೆ ಕೇಳುವವರಿಗೂ ಖುಷಿ, ನನಗೂ ಖುಷಿ. ಆದರೆ ನೌಕರಿ ಎಂದರೆ ಇಷ್ಟೇ ಎಂದು ತಿಳಿದರೆ ನೀವು ಕೆಟ್ಟಿರಿ.

ದೇಶಕ್ಕೆ ಸ್ವಾತಂತ್ರ್ಯ ಬಂತು, ನಮಗೆ ಬರಲಿಲ್ಲ. ಸಂಸ್ಥಾನ ಬೇರೆಯೇ ಉಳಿಯಿತು. ಗಡಿಯ ಆಚೆಯ ಹೊಸ ಸರಕಾರ ಸಂಸ್ಥಾನದೊಳಗೆ ಬಂದೂಕು, ಮದ್ದುಗುಂಡು ಹೋಗಕೂಡದೆಂದು ನಿರ್ಬಂಧ ಹಾಕಿತು. ಸೀಮೆಎಣ್ಣೆ, ಪೆಟ್ರೋಲು ಕೂಡ ಸಿಗದಂತಾದವು. ನಮ್ಮ ಕಡೆಯ ದೊಡ್ಡವರು, "ನಾವು ಎಲ್ಲಿಂದಲೂ ಬಂದೂಕು ತರಿಸುತ್ತಿಲ್ಲ, ನಮ್ಮ ಅಧಿಕಾರಿಗಳಿಗೂ ಅದಕ್ಕೂ ಸಂಬಂಧವಿಲ್ಲ" ಎಂದು ಹೇಳಿಕೆ ಕೊಡುತ್ತಿದ್ದರು. ಅದೇ ಹೊತ್ತಿಗೆ ಖಾಕಿ ತೊಟ್ಟ ಖಾಸಗಿ ದಂಡಿನವರು ಹಳ್ಳಿಹಳ್ಳಿಗೆ ಬಂದೂಕು ಹಿಡಿದು ತಿರುಗುತ್ತಿದ್ದರು. ಬಂದೂಕೇನು ಹೊಲದಲ್ಲಿ ಬೆಳೆಯುತ್ತವೆಯೇ?

ಖಾದರಸಾಹೇಬರು ಅಷ್ಟರಲ್ಲಿ ನಿವೃತ್ತರಾಗಿ ಕುಷ್ಟಗಿ ಸೇರಿದ್ದರು. ಅವರ ಜಾಗಕ್ಕೆ ಯಾರನ್ನೂ ಕಳಿಸಿರಲಿಲ್ಲ. ಗಂಗಾವತಿಯಿಂದ ತಿರುಗಿ ಬಂದ ಮೇಲೆ ಅವರ ನಾಕಾದಲ್ಲಿ ನಾನೇ ಮುನ್ಷಿ, ನಾನೇ ನಾಕೇದಾರ. ಯಾವ ನಾಕಾ, ಯಾವ ತಾಲೂಕು ಎಂದು ಹೇಳುವುದಿಲ್ಲ. ಆಗಿನ ತಹಶೀಲ್ದಾರರ ಮೊಮ್ಮಕ್ಕಳು ಬದುಕಿ ಬಾಳುತ್ತಿದ್ದಾರೆ, ಅವರದೇನು ತಪ್ಪು? ತಹಶೀಲ್ದಾರರನ್ನು ಎಲ್ಲರೂ ರಾವ್‌ಸಾಹೇಬರು ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತೇನೆ. ಹಣೆಯ ಮೇಲೆ ಗಂಧ, ತಲೆಯ ಮೇಲೆ ದರಬಾರಿನ ಟೋಪಿ, ಮಾತು ಬೆಣ್ಣೆ.

ಮರುವರ್ಷ ಬೇಸಿಗೆಯ ಒಂದು ಮಧ್ಯಾಹ್ನ, ಪೆಟ್ರೋಲಿಲ್ಲದೆ ಇದ್ದಿಲಿನ ಗ್ಯಾಸಿನಿಂದ ಓಡುವ ಲಾರಿಯೊಂದು ಆಚೆ ಕಡೆಯಿಂದ ಹೊಗೆ ಬಿಡುತ್ತ ಬಂದು ನಿಂತಿತು. ಮುಂದಿನ ಸೀಟಿನಲ್ಲಿ ರಾವ್‌ಸಾಹೇಬರು. ಹಿಂದೆ ತಾಡಪತ್ರಿಯ ಕೆಳಗೆ ಉದ್ದನೆಯ ಪೆಟ್ಟಿಗೆಗಳು, ಪ್ರತಿಯೊಂದಕ್ಕೂ ತಹಶೀಲಿನ ಅರಗಿನ ಮೊಹರು. ನಾನು ಎದ್ದು ಸಲಾಮು ಹೊಡೆದೆ.

"ಏನ್ ಮುನ್ಷಿ, ಆರಾಮ ಇದ್ದೀಯೇನು?" ಎಂದರು. "ನೇಗಿಲಿನ ಸಾಮಾನು ಅದಾವ. ಸರಕಾರದ್ದು. ಬಿಚ್ಚೂದು ಬ್ಯಾಡ."

"ಆಗ್ಲಿ ಸಾಹೇಬರ. ಲಾರಿ ಅಂತ ಬರೀಲೇನ್ರಿ?"

ಲಾರಿಯಾದರೆ ಅದರ ನಂಬರು ಬರೆದು ಒಂದು ಪ್ರತಿಯನ್ನು ಹೈದರಾಬಾದಿಗೆ ಕಳಿಸಬೇಕಿತ್ತು. ಬಂಡಿಯಾದರೆ ಪುಸ್ತಕ ನಾಕಾದಲ್ಲೇ ಉಳಿಯುತ್ತಿತ್ತು. ರಾವ್‌ಸಾಹೇಬರು ನಕ್ಕರು. "ಎಲ್ಲಿ ಲಾರಿ ಐತೋ? ನನಗ ಕಾಣವಲ್ದು. ಒಂದು ಬಂಡಿ ಅಂತ ಬರಿ."

ಬಂಡಿ ಎಂದು ಬರೆದರೆ ಎತ್ತು ಬರೆಯಬೇಕು. ಎತ್ತೇ ಇಲ್ಲ! ಲಾರಿ ಹೋದ ಮೇಲೆ ಲೇಖಣಿ ಹಿಡಿದು ಸ್ವಲ್ಪ ಹೊತ್ತು ಕುಳಿತೆ. ತಹಶೀಲಿನ ದಫ್ತರು, ಕುರ್ಚಿ, ಮೇಜು ಸಾಗಿಸುವುದಕ್ಕೆ ಗಡಿ ಬಿಗಿಯಾಗುವತನಕ ಯಾವಾಗಲೂ ಬರುತ್ತಿದ್ದ ಬಂಡಿ ಯಂಕಪ್ಪನದು. ಸಮೀಪದ ಹಳ್ಳಿಯವನು, ಮಾತು ಕಡಿಮೆ, ಎತ್ತುಗಳ ಮೇಲೆ ಜೀವ. ಅವನ ಎತ್ತುಗಳು ನನಗೆ ಕಣ್ಣು ಮುಚ್ಚಿದರೂ ಕಾಣುತ್ತಿದ್ದವು. ಎಡಕ್ಕೆ ಮಾಸಲು ಬಣ್ಣದ್ದು, ಬಲಗೋಡು ಮುರಿದದ್ದು. ಬಲಕ್ಕೆ ಕೆಂದು, ಹಣೆಯ ಮೇಲೆ ಬಿಳಿ ಚಿಕ್ಕಿ. ಅವನ್ನೇ ಬರೆದೆ. ಬಿಚ್ಚದ ಸಾಮಾನಿಗೆ ಬರೆಯಬೇಕಾದ ಹುಕುಮಿನ ಸಾಲನ್ನೂ ಕೆಳಗೆ ಸೇರಿಸಿದೆ. ಸರಕಾರಿ ಸಾಮಾನು, ಸರಕಾರಿ ಬಂಡಿ, ಯಾರು ಕೇಳುತ್ತಾರೆ ಎಂದುಕೊಂಡೆ.

ಆ ಲಾರಿ ಮತ್ತೆ ಮತ್ತೆ ಬಂತು. ಬೇಸಿಗೆ ಕಳೆದು, ಕಾರಹುಣ್ಣಿಮೆ ಕಳೆದು, ನಾಗರಪಂಚಮಿಯವರೆಗೂ ಬಂತು. ಪ್ರತಿ ಸಲವೂ ಯಂಕಪ್ಪನ ಎತ್ತುಗಳು ನನ್ನ ಪುಸ್ತಕದಲ್ಲಿ ನಾಕಾ ದಾಟಿದವು. ಒಮ್ಮೆ ಒಂದು ಪೆಟ್ಟಿಗೆಯ ಹಲಗೆ ಸೀಳಿತ್ತು. ಸಂದಿಯಲ್ಲಿ ಎಣ್ಣೆ ಸವರಿದ ಕಬ್ಬಿಣದ ನಳಿಗೆ ಕಂಡಿತು. ಅಂಥ ನೇಗಿಲು ನಮ್ಮ ಸೀಮೆಯಲ್ಲಿ ಯಾರೂ ಹೂಡುವುದಿಲ್ಲ. ನನಗೆ ಗೊತ್ತಾಯಿತು. ಗೊತ್ತಾಗಿಯೂ ಬಾಯಿ ಬಿಡಲಿಲ್ಲ. ಅಂಜಿದೆ. ನಾಲ್ಕು ಮಕ್ಕಳ ತಂದೆ, ಸರಕಾರಿ ಅನ್ನ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕೆಲವು ವಾರಗಳಲ್ಲಿ ಹತ್ತಿರದ ಒಂದು ಹಳ್ಳಿಯ ಮೇಲೆ ಗುಂಡು ಹಾರಿದವು. ಆ ಊರಿನ ಜನ ಗಂಟುಮೂಟೆ ಹೊತ್ತು, ಕೂಸುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ನಾಕಾ ದಾಟಿಯೇ ಗದಗಿನ ಕಡೆ ಓಡಿದರು. ಒಬ್ಬಾಕೆಯ ಸೀರೆಯ ಮೇಲೆ ರಕ್ತವಿತ್ತು. ಅಂದು ನನಗೆ ಅನ್ನ ಸೇರಲಿಲ್ಲ.

ಆಮೇಲೆ ಆಚೆಯ ಸೈನ್ಯ ಒಳಗೆ ಬಂತು, ಕೆಲವೇ ದಿನಗಳಲ್ಲಿ ಎಲ್ಲ ಮುಗಿಯಿತು. ಜನ ಕುಣಿದರು, ನಾನೂ ಕುಣಿದೆ. ರಾವ್‌ಸಾಹೇಬರ ದರಬಾರಿನ ಟೋಪಿ ಎಲ್ಲಿ ಹೋಯಿತೋ, ಒಂದೇ ವಾರದಲ್ಲಿ ಬಿಳಿ ಟೋಪಿ ಬಂತು. ಸೈನ್ಯದ ಅಧಿಕಾರಿಗಳಿಗೆ ಮೊದಲ ಹಾರ ಹಾಕಿದವರೂ ಅವರೇ. ಕುರ್ಚಿ ಮಾತ್ರ ಅದೇ ಉಳಿಯಿತು.

ಹೊಸ ಸರಕಾರ ವಿಚಾರಣೆಗೆ ನಿಂತಿತು. ನಿರ್ಬಂಧ ಇದ್ದಾಗಲೂ ಬಂದೂಕು ಒಳಗೆ ಬಂದದ್ದು ಹೇಗೆ, ಅದರಲ್ಲಿ ಯಾವ ಅಧಿಕಾರಿಯ ಕೈ ಇತ್ತು ಎಂದು ಕೇಳಲು ಧಾರವಾಡದ ಕಡೆಯ ಒಬ್ಬ ಅಧಿಕಾರಿ ಕೊಪ್ಪಳಕ್ಕೆ ಬಂದು ಕುಳಿತರು. ಪ್ರಾಮಾಣಿಕರು, ಆದರೆ ಉರ್ದು ಒಂದಕ್ಷರ ಬರುತ್ತಿರಲಿಲ್ಲ. ನಮ್ಮ ಪುಸ್ತಕಗಳೆಲ್ಲ ಉರ್ದು. ಓದಿ ಹೇಳುವುದಕ್ಕೆ ಯಾರು ಸಿಕ್ಕರು ಗೊತ್ತೇ? ರಾವ್‌ಸಾಹೇಬರು! ನಾಕಾದ ಪುಸ್ತಕವನ್ನು ತಾವೇ ತರಿಸಿ, ತಾವೇ ಓದಿ, "ಇಂಥ ಎತ್ತಿನ ಬಂಡಿ ಇಷ್ಟು ಸಲ ಬಂದೈತಿ" ಎಂದು ಹೇಳಿದರು. ಅಂಥ ಎತ್ತು ಯಂಕಪ್ಪನವು ಎಂದು ಅವರೇ ಗುರುತು ಹೇಳಿ ಪೊಲೀಸರನ್ನು ಅವನ ಮನೆಗೆ ಕಳಿಸಿದರು. ಅವನನ್ನು ಕೊಪ್ಪಳದ ಹವಾಲಾತಿನಲ್ಲಿ ಹಾಕಿದರು, ಬಂಡಿಯನ್ನೂ ಎರಡು ಎತ್ತುಗಳನ್ನೂ ಮುದ್ದೇಮಾಲು ಎಂದು ಜಪ್ತು ಮಾಡಿದರು. ಇದೆಲ್ಲ ನನಗೆ ತಿಳಿದದ್ದು ಅವನ ಹೆಂಡತಿ ದುರಗವ್ವ ನಮ್ಮ ಮನೆಗೆ ಬಂದಾಗ. ಅಷ್ಟು ಹೊತ್ತಿಗೆ ಅವನು ಒಳಗೆ ಸೇರಿ ತಿಂಗಳು ದಾಟಿತ್ತು.

ದುರಗವ್ವ ಒಳಗೆ ಬರಲಿಲ್ಲ, ಕಟ್ಟೆಯ ಮೇಲೂ ಕೂಡಲಿಲ್ಲ. ನಿಂತುಕೊಂಡೇ ಕೇಳಿದಳು.

"ಮುನ್ಷೇರ, ನನ್ನ ಗಂಡ ಬಂದೂಕು ತಂದಾನಂತ ನೀವು ಬರದೀರಂತಲ್ರಿ. ಅಂವ ಯಾವಾಗ ತಂದಾನ್ರಿ?"

ನಾನು ಅವನ ಹೆಸರು ಬರೆದಿಲ್ಲ, ಎತ್ತು ಬರೆದೆ ಎಂದು ತೊದಲಿದೆ.

"ಯಾವ ಎತ್ತು?"

"ಮಾಸಲು ಎತ್ತು, ಕೋಡು ಮುರದದ್ದು..."

ಆಕೆ ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದಳು. "ಆ ಎತ್ತು ಹೋಳಿ ಹುಣ್ಣಿಮಿ ಮರುದಿನ ಹಾವು ಕಡದು ಸತ್ತೈತಲ್ರೀ ಯಪ್ಪಾ! ಹೊಲದಾಗ ಮಣ್ಣು ಮಾಡೇವಿ. ಅಂವ ಮೂರು ದಿನ ಉಂಡಿಲ್ಲ. ಸಾಲಾ ಮಾಡಿ ಬಿಳಿ ಎತ್ತು ತಂದ. ಅದನ್ನ ಹೇಳಿದ್ರ ತಹಶೀಲ್ದಾರರು, 'ಎಲ್ಲಾ ಕಳ್ಳರೂ ಹಿಂಗ ಅಂತಾರ' ಅಂದ್ರಂತ."

ಹೋಳಿಯ ಮರುದಿನ ಸತ್ತ ಎತ್ತು ನಾಗರಪಂಚಮಿಯವರೆಗೆ ನನ್ನ ಪುಸ್ತಕದಲ್ಲಿ ಬಂಡಿ ಎಳೆದಿತ್ತು. ಎತ್ತು ಬಲ್ಲ ಮುನ್ಷಿ ಎಂದು ಮೆರೆಯುತ್ತಿದ್ದವನಿಗೆ ಒಂದು ಎತ್ತು ಸತ್ತದ್ದು ಅರ್ಧ ವರ್ಷ ಗೊತ್ತಿಲ್ಲ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ನಿಜ ಹೇಳಿದರೆ ಸುಳ್ಳು ದಾಖಲೆ ಬರೆದವನು ನಾನೇ. ನೌಕರಿ ಹೋಗುವುದು ಖಂಡಿತ, ಯಂಕಪ್ಪನ ಪಕ್ಕದಲ್ಲಿ ನಾನೂ ಕೂಡಬೇಕಾಗಬಹುದು. ಸುಮ್ಮನಿದ್ದರೆ ಅವನ ಮೇಲೆ ಮೊಕದ್ದಮೆ ನಡೆದು ಏಳೆಂಟು ವರ್ಷ ಸಜೆ.

ಮರುದಿನ ಕುಷ್ಟಗಿಗೆ ಹೋಗಿ ಖಾದರಸಾಹೇಬರ ಮುಂದೆ ಎಲ್ಲವನ್ನೂ ಹೇಳಿದೆ. ಬಯ್ಯುತ್ತಾರೆ ಎಂದುಕೊಂಡಿದ್ದೆ. ಬಯ್ಯಲಿಲ್ಲ, ಅದೇ ಹೆಚ್ಚು ನೋವಾಯಿತು.

"ನೋಡದ ಎತ್ತು ಬರದಿ," ಎಂದರು. "ಈಗ ನನ್ನ ಕೇಳಾಕ ಯಾಕ ಬಂದಿ? ಹೇಳಬ್ಯಾಡ ಅಂತ ನಾ ಅಂದೇನು ಅಂತ ಬಂದೀಯೇನು?"

ಅದು ನಿಜವಾಗಿತ್ತು.

"ನಾ ಹಂಗ ಅನ್ನೂದಿಲ್ಲ. ಊಟಾ ಮಾಡು, ಕೊಪ್ಪಳಕ್ಕ ನಡಿ."

ಊಟ ಮಾಡಿ ಕೊಪ್ಪಳಕ್ಕೆ ನಡೆದೆ.

ವಿಚಾರಣೆಯ ಕಚೇರಿಯ ಹೊರಗೆ ಕಾದೆ, ಮೂರನೆಯ ದಿನ ನನ್ನ ಹೆಸರು ಕರೆದರು. ಮೇಜಿನ ಹಿಂದೆ ವಿಚಾರಣೆಯ ಅಧಿಕಾರಿ, ಅವರ ಬಲಕ್ಕೆ ನನ್ನ ಪುಸ್ತಕ ತೆರೆದುಕೊಂಡು ರಾವ್‌ಸಾಹೇಬರು. ಗೋಡೆಯ ಪಕ್ಕದಲ್ಲಿ ಇಬ್ಬರು ಪೊಲೀಸರ ನಡುವೆ ಯಂಕಪ್ಪ, ಕೈಗೆ ಹಗ್ಗ, ಗಡ್ಡ ಬೆಳೆದಿತ್ತು. ಅವನು ನನ್ನ ಕಡೆ ನೋಡಲಿಲ್ಲ.

ಅಧಿಕಾರಿ ಪುಸ್ತಕ ತೋರಿಸಿ, "ಇದು ನಿಮ್ಮ ಸಹಿಯೇನ್ರಿ?" ಎಂದರು.

"ನಂದರಿ."

"ಆತು. ನೀವು ಹೋಗಬಹುದು."

ಅಷ್ಟೇ. ಹೋಗಬಹುದಿತ್ತು. ರಾವ್‌ಸಾಹೇಬರು ನನ್ನ ಕಡೆ ತಿರುಗಿ ಸಣ್ಣಗೆ ತಲೆ ಅಲ್ಲಾಡಿಸಿದರು, ಹೋಗು ಎನ್ನುವಂತೆ. ಆ ತಲೆ ಅಲ್ಲಾಡಿದ್ದೇ ತಡ, ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಸಾಹೇಬರ, ಇವರು ಪೂರಾ ಓದಿಲ್ಲ ಅನಸ್ತೈತ್ರಿ. ನಾ ಬರದದ್ದು ನಾನ ಓದಿ ಹೇಳ್ತೀನ್ರಿ," ಎಂದೆ.

ಪುಸ್ತಕ ಎಳೆದುಕೊಂಡು ಓದಿದೆ. ಒಂದು ಬಂಡಿ, ಇಂಥ ಎತ್ತು ಎಂದ ಮೇಲೆ ಪ್ರತಿ ಸಲವೂ ಇನ್ನೊಂದು ಸಾಲು ಇತ್ತು: ತಹಶೀಲಿನ ಮೊಹರು ಇರುವ ಸರಕಾರಿ ಸಾಮಾನು, ತಹಶೀಲ್ದಾರರ ಹುಕುಮಿನ ಮೇರೆಗೆ ಬಿಚ್ಚಿ ನೋಡಿಲ್ಲ. ಆ ಸಾಲನ್ನು ರಾವ್‌ಸಾಹೇಬರು ಒಮ್ಮೆಯೂ ಓದಿ ಹೇಳಿರಲಿಲ್ಲ.

"ಇನ್ನೊಂದೈತ್ರಿ," ಎಂದೆ. "ಜಪ್ತಿ ಮಾಡಿದ ಎತ್ತು ಹೊರಗ ಅದಾವ. ತಾವ ಬಂದು ನೋಡ್ರಿ. ಈ ಪುಸ್ತಕದಾಗಿನ ಮಾಸಲು ಎತ್ತು ಅಲ್ಲಿ ಇಲ್ಲ. ಅದು ಹೋಳಿ ಮರುದಿನ ಸತ್ತೈತಿ. ನನ್ನ ಪುಸ್ತಕದಾಗ ಪಂಚಮಿತನಕಾ ನಾಕಾ ದಾಟೇತಿ."

ಅಧಿಕಾರಿ ಎದ್ದು ಹೊರಗೆ ಬಂದರು, ಎಲ್ಲರೂ ಬಂದೆವು. ಬೇವಿನ ನೆರಳಲ್ಲಿ ಒಂದು ಕೆಂದೆತ್ತು, ಒಂದು ಬಿಳಿ ಎತ್ತು ಮೆಲುಕು ಹಾಕುತ್ತ ನಿಂತಿದ್ದವು. ನಾಲ್ಕು ಕೋಡುಗಳೂ ನೆಟ್ಟಗಿದ್ದವು. ಜಪ್ತಿಯ ಕಾಗದದಲ್ಲಿ "ಎರಡು ಎತ್ತು" ಎಂದಷ್ಟೇ ಬರೆದಿತ್ತು. ಬಣ್ಣ ನೋಡುವ ಗೋಜಿಗೆ ಯಾರೂ ಹೋಗಿರಲಿಲ್ಲ.

"ಹಂಗಾದ್ರ ಸತ್ತ ಎತ್ತು ಹ್ಯಾಂಗ ದಾಟಿತು?" ಎಂದು ಅಧಿಕಾರಿ ಕೇಳಿದರು.

"ದಾಟಿಲ್ರಿ. ಬಂಡೀನ ಬಂದಿಲ್ಲ. ಲಾರಿ ಬಂತು. ಮುಂದಿನ ಸೀಟಿನ್ಯಾಗ ಇವರು ಕುಂತಿದ್ರು," ಎಂದು ರಾವ್‌ಸಾಹೇಬರ ಕಡೆ ಕೈ ಮಾಡಿದೆ. "ಬಂಡಿ ಅಂತ ಬರಿ ಅಂದ್ರು. ನಾ ಬರದೆ. ಎತ್ತು ನೆನಪಿನ್ಯಾಗಿಂದ ಬರದೆ."

"ಪೆಟ್ಟಿಗ್ಯಾಗ ಏನಿತ್ತಂತ ಗೊತ್ತಿತ್ತೇನು?"

"ಗೊತ್ತಿತ್ರಿ. ಅಂಜಿದೆ."

ರಾವ್‌ಸಾಹೇಬರ ಮಾತಿನ ಬೆಣ್ಣೆ ಕರಗಿತು. "ಸುಳ್ಳು ಬರದೀನಿ ಅಂತ ತಾನ ಒಪ್ಪಾನ! ಇಂಥಾವನ ಮಾತು ನಂಬತೀರೇನು?" ಎಂದು ಕೂಗಿದರು.

"ಇವರ ಮಾತು ಬಿಡ್ರಿ," ಎಂದರು ಅಧಿಕಾರಿ. "ಸತ್ತ ಎತ್ತಿನ ಮಾತು ನಂಬಲೇಬೇಕಾಗೇತಿ."

ಯಂಕಪ್ಪನ ಊರ ಗೌಡರನ್ನು ಕರೆಸಿ ಎತ್ತು ಸತ್ತದ್ದನ್ನು ಕೇಳಿದರು, ನಾಕಾದ ಸಿಪಾಯಿಗಳನ್ನು ಕರೆಸಿ ಲಾರಿ ಬಂದದ್ದನ್ನು ಕೇಳಿದರು. ನಾನು ಬಾಯಿ ಬಿಟ್ಟ ಮೇಲೆ ಅವರಿಗೂ ಧೈರ್ಯ ಬಂದಿತ್ತು. ರಾವ್‌ಸಾಹೇಬರು ಕೊನೆಗೆ, ತಮಗೆ ಮೇಲಿನಿಂದ ಹುಕುಂ ಇತ್ತು ಎಂದರು. ಮೇಲಿನವರನ್ನು ಕೇಳಿದರೆ, ಅಂಥ ಹುಕುಂ ನಾವು ಕೊಟ್ಟೇ ಇಲ್ಲ ಎಂದರು. ಅವರ ಮೇಲಿನವರು, ನಮಗೆ ತಿಳಿದೇ ಇಲ್ಲ ಎಂದರು. ಕಡತ ಹೈದರಾಬಾದಿಗೆ ಹೋಯಿತು, ಹೋದದ್ದು ತಿರುಗಿ ಬರಲಿಲ್ಲ. ರಾವ್‌ಸಾಹೇಬರಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು, ಪೆನ್ಶನ್ ತೆಗೆದುಕೊಂಡೇ ಸತ್ತರು. ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ನನ್ನನ್ನು ಸಸ್ಪೆಂಡು ಮಾಡಿದರು. ಅದು ಸರಿಯಾಗಿಯೇ ಇತ್ತು, ತಕರಾರು ಹೇಳಲಿಲ್ಲ. ಎರಡು ವರ್ಷದ ಮೇಲೆ ಕೆಳಗಿನ ಹುದ್ದೆಗೆ ತಿರುಗಿ ತೆಗೆದುಕೊಂಡರು. ಅಷ್ಟರಲ್ಲಿ ಎತ್ತು ಬರೆಯುವ ಪದ್ಧತಿ ಹೋಗಿ ಬಂಡಿಗಳಿಗೆ ತಗಡಿನ ಬಿಲ್ಲೆ ಬಂದಿತ್ತು.

ಯಂಕಪ್ಪನನ್ನು ಬಿಟ್ಟ ದಿನ ನಾನು ಹವಾಲಾತಿನ ಬಾಗಿಲಲ್ಲಿ ಕಾಯುತ್ತಿದ್ದೆ. ಎದೆ ಉಬ್ಬಿತ್ತು, ಸುಳ್ಳೇಕೆ ಹೇಳಲಿ. ನೌಕರಿ ಕಳೆದುಕೊಂಡು ಒಬ್ಬನನ್ನು ಬಿಡಿಸಿದ್ದೇನೆ, ಬಂದು ಕೈ ಮುಗಿಯುತ್ತಾನೆ ಎಂದುಕೊಂಡಿದ್ದೆ. ಅವನು ಹೊರಗೆ ಬಂದವನೇ ನೇರ ಎತ್ತುಗಳ ಹತ್ತಿರ ಹೋದ. ಎರಡರ ಮೈಯ ಮೇಲೂ ಕೈ ಆಡಿಸಿದ. ಅವುಗಳ ಹೊಟ್ಟೆ ಒಳಗೆ ಹೋಗಿತ್ತು. ದುರಗವ್ವ ಬಂಡಿಯಲ್ಲಿ ಹುಲ್ಲು ಹಾಸುತ್ತಿದ್ದಳು. ಅವನು ನೊಗಕ್ಕೆ ಎತ್ತು ಕಟ್ಟುತ್ತ, ನನ್ನ ಕಡೆ ತಿರುಗದೆಯೇ ಮಾತಾಡಿದ.

"ಬಿಡಿಸಿದ್ರಿ. ಖರೆ. ಒಳಗ ಹಾಕಿದಾವ್ರು ಯಾರ್ರಿ ಮುನ್ಷೇರ?"

ಉಬ್ಬಿದ ಎದೆ ಇಳಿದುಹೋಯಿತು. ರಾವ್‌ಸಾಹೇಬರ ಹೆಸರು ನಾಲಗೆಯ ತುದಿಯವರೆಗೆ ಬಂತು. ನುಂಗಿಕೊಂಡೆ.

"ನಾನ, ಯಂಕಪ್ಪ. ನಾನ ಹಾಕಿದೆ," ಎಂದೆ.

ಆಗ ತಿರುಗಿ ನನ್ನ ಮುಖ ನೋಡಿದ, ಆ ಎಲ್ಲ ದಿನಗಳಲ್ಲಿ ಮೊದಲ ಸಲ.

"ಆತು ಬಿಡ್ರಿ. ವಿಚಾರಣ್ಯಾಗ ಅಷ್ಟು ಮಂದಿ ದೊಡ್ಡಾವ್ರು ಕುಂತಿದ್ರು. 'ನಾನ ಹಾಕಿದೆ' ಅಂತ ಅವರಾಗ ಒಬ್ರೂ ಅನ್ನಲಿಲ್ಲ," ಎಂದು ಹೇಳಿ ಬಂಡಿ ಹತ್ತಿದ, ಎತ್ತುಗಳನ್ನು ಊರಿನ ಹಾದಿಗೆ ತಿರುಗಿಸಿದ.